ದೋಣಿ ಹೊತ್ತವನ ಕೂಲಿ

ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ಬಸ್ಸು ಬೇತ್ರಿಯ ಸೇತುವೆ ದಾಟುವಾಗ ಕಿಟಕಿ ಪಕ್ಕದವರೆಲ್ಲ ಒಮ್ಮೆ ಕೆಳಗೆ ಇಣುಕುತ್ತಾರೆ. ಕಾವೇರಿ ಎಷ್ಟು ತುಂಬಿದ್ದಾಳೆ ಎಂದು ನೋಡದೆ ಮುಂದೆ ಹೋಗುವುದು ನಮ್ಮ ಕಡೆಯವರಿಗೆ ಸಾಧ್ಯವಿಲ್ಲ. ನಾನೂ ಇಣುಕುತ್ತೇನೆ. ಜೊತೆಗೆ, ತಲೆಯ ಮೇಲೆ ದೊಡ್ಡದೊಂದು ಬುಟ್ಟಿ ಕವುಚಿಕೊಂಡು ದಡದಲ್ಲಿ ನಡೆಯುವ ಒಬ್ಬ ಮನುಷ್ಯನನ್ನೂ ನನ್ನ ಕಣ್ಣು ಹುಡುಕುತ್ತದೆ. ಅವನು ಈಗಿಲ್ಲ.

ಈಚೆಗೆ ಅವನ ನೆನಪು ತಂದದ್ದು ಕೆನಡಾದಿಂದ ಬಂದ ಒಂದು ಚಿತ್ರ. ಒಂಟಾರಿಯೊದಲ್ಲಿರುವ ನನ್ನ ಸೋದರಳಿಯ ರಜೆಯಲ್ಲಿ ಗೆಳೆಯರ ಜೊತೆ ಉತ್ತರದ ಕಾಡಿನ ಸರೋವರವೊಂದಕ್ಕೆ ಹೋಗಿದ್ದ. ಅಲ್ಲಿಗೆ ರಸ್ತೆಯೇ ಇಲ್ಲ. ಚಿತ್ರದಲ್ಲಿ ಒಂದು ಪುಟ್ಟ ವಿಮಾನ, ಗಾಲಿಗಳ ಬದಲು ಉದ್ದನೆಯ ಎರಡು ಫ್ಲೋಟುಗಳ ಮೇಲೆ, ನೀರಿನಲ್ಲಿ ನಿಂತಿದೆ. ಫ್ಲೋಟುಗಳನ್ನು ಹಿಡಿದಿರುವ ಕಂಬಿಗಳಿಗೆ ಕ್ಯಾನೋ ದೋಣಿಯೊಂದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದಾರೆ. ವಿಮಾನವೇ ದೋಣಿಯನ್ನು ಕಂಕುಳಲ್ಲಿ ಇರುಕಿಕೊಂಡ ಹಾಗೆ!

ಆ ವಿಮಾನದ ಹೆಸರು ಬೀವರ್. ಕೆನಡಾದ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1947ರ ಆಗಸ್ಟ್ 16ರಂದು, ಅಂದರೆ ನಮಗೆ ಸ್ವಾತಂತ್ರ್ಯ ಬಂದ ಮರುದಿನ. 450 ಅಶ್ವಶಕ್ತಿಯ ಎಂಜಿನ್ನಿನ ಇಂಥ 1,600ಕ್ಕೂ ಹೆಚ್ಚು ವಿಮಾನಗಳು ತಯಾರಾದವು. 1967ರಲ್ಲಿ ತಯಾರಿಕೆ ನಿಂತರೂ ಹಳೆಯವು ಇಂದಿಗೂ ಹಾರುತ್ತಿವೆ. ಹದಿನಾರು, ಹದಿನೇಳು ಅಡಿ ಉದ್ದದ ಕ್ಯಾನೋ ಅದರ ಒಳಗೆ ಹಿಡಿಸದು, ಹೊರಗೇ ಕಟ್ಟಬೇಕು. ಒಂದು ಮಗ್ಗುಲಿಗೆ ಮಾತ್ರ ಕಟ್ಟಿದಾಗ ಆ ಕಡೆ ಗಾಳಿಯ ತಡೆ ಹೆಚ್ಚಿ ವಿಮಾನದ ಮೂಗು ಅತ್ತ ಎಳೆಯುತ್ತದೆ, ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಇನ್ನೂ ಕಷ್ಟ. ಫ್ಲೋಟುಗಳು ನೀರಿಗೆ ಅಂಟಿಕೊಂಡಂತಾಗಿ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಹೊರಗೆ ಕಟ್ಟುವ ಈ ಪೀಕಲಾಟವೇ ಬೇಡ ಎನ್ನುವವರಿಗೆ ಮಡಚುವ ಕಯಾಕ್ ಇದೆ. ಅದು ಚೀಲದೊಳಗೆ ಸೇರಿಬಿಡುತ್ತದೆ. ಮಡಚುವ ದೋಣಿ ಎಂದು ಹಗುರವಾಗಿ ಕಾಣಬೇಡಿ. ಜರ್ಮನಿಯ ವೈದ್ಯ ಹಾನೆಸ್ ಲಿಂಡೆಮನ್ 1956ರಲ್ಲಿ ಅಂಥದೊಂದರಲ್ಲಿ ಒಬ್ಬನೇ 72 ದಿನಗಳಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ.

ಅಳಿಯ ಫೋನಿನಲ್ಲಿ ಗೊಣಗಿದ: "ಮಾವ, ನಮ್ಮನ್ನು ಇಳಿಸಿ ವಿಮಾನ ಖಾಲಿ ವಾಪಸು ಹೋಗುತ್ತದಲ್ಲ, ಆ ದಾರಿಯ ಬಾಡಿಗೆಯನ್ನೂ ನಮ್ಮಿಂದಲೇ ವಸೂಲಿ ಮಾಡಿದರು."

"ಅದು ನ್ಯಾಯವೇ ಅಲ್ಲವೇನೋ?" ಎಂದೆ. ಹಾಗೆನ್ನುವಾಗ ನಾಲ್ಕು ದಶಕಗಳ ಹಿಂದಿನ ಒಂದು ಬೆಳಗ್ಗೆ ನನ್ನ ಕಣ್ಣ ಮುಂದಿತ್ತು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಕಕ್ಕಡ ತಿಂಗಳು, ಎರಡು ದಿನ ಮಳೆ ಹೊಳವಾಗಿತ್ತು. ಆಚೆ ದಡದಲ್ಲಿದ್ದ ಅಜ್ಜಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂದು ಅಪ್ಪ ನನ್ನನ್ನು ಕರೆದುಕೊಂಡು ಕಡವಿಗೆ ಬಂದರು. ಸೇತುವೆಯ ದಾರಿ ಬಹಳ ಸುತ್ತು. ಕಡವಿನಲ್ಲಿದ್ದುದು ಬಿದಿರಿನ ದಬ್ಬೆ ಹೆಣೆದು, ಮೇಲೆ ಟಾರು ಬಳಿದ ಹರಿಗೋಲು. ಇಂಥ ದುಂಡು ದೋಣಿಗಳನ್ನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದಿದ್ದಾನೆ. ಆಗ ಅವಕ್ಕೆ ಚರ್ಮದ ಹೊದಿಕೆ ಇತ್ತು.

ನಾವು ಹತ್ತಲು ಹೋದರೆ ಅಂಬಿಗ ತಡೆದ. ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ಕೆಸರಿನಲ್ಲಿ, ದಡದ ಗುಂಟ ಮೇಲಕ್ಕೆ ನಡೆಯತೊಡಗಿದ. ನಾವು ಹಿಂದೆ. ಎರಡು ಫರ್ಲಾಂಗಾದರೂ ನಡೆದಿರಬೇಕು. ಅಲ್ಲಿ ನೀರಿಗೆ ಬಿಟ್ಟು, ಹುಟ್ಟು ಹಾಕುತ್ತ, ಸುತ್ತುತ್ತ ಸುತ್ತುತ್ತ, ಕಡವಿನ ಎದುರಿಗೇ ಸರಿಯಾಗಿ ನಮ್ಮನ್ನು ಇಳಿಸಿದ. ಪ್ರವಾಹ ಎಷ್ಟು ಕೆಳಕ್ಕೆ ಎಳೆಯುತ್ತದೋ ಅಷ್ಟನ್ನು ಮೊದಲೇ ಮೇಲಕ್ಕೆ ನಡೆದು ತೀರಿಸಿದ್ದ. ವೇಗಗಳ ಸಂಕಲನವನ್ನು ನಾನು ಬಿ.ಎಸ್ಸಿ.ಯಲ್ಲಿ ಬಾಣ ಬರೆದು ಕಲಿತೆ. ಅವನು ಕಾಲಿನಲ್ಲಿ ಕಲಿತಿದ್ದ.

"ಅಣ್ಣಾ, ಹೊಳೆ ಜಾಸ್ತಿ ಉಂಟು, ಇನ್ನೊಂದು ರೂಪಾಯಿ ಕೊಡಿ" ಎಂದು ಕೇಳಿದ. ತಲೆಗೆ ಎಂಟಾಣೆ ಮಾಮೂಲಿ ದರ. ಅಪ್ಪ ಕೆಟ್ಟವರಲ್ಲ; ಆದರೂ "ದಾಟಿಸೋದಕ್ಕೆ ಎಷ್ಟೋ ಅಷ್ಟೇ" ಎಂದು ಒಂದು ರೂಪಾಯಿ ಕೈಗಿಟ್ಟು ನಡೆದರು. ನಾನು ತಿರುಗಿ ನೋಡಿದೆ. ಅವನು ಹರಿಗೋಲನ್ನು ಮತ್ತೆ ತಲೆಗೇರಿಸಿಕೊಂಡು, ಈ ದಡದ ಗುಂಟ ಮೇಲಕ್ಕೆ ಹೊರಟಿದ್ದ. ಹಿಂದಿರುಗಬೇಕಲ್ಲ! ಆ ನಡಿಗೆಗೆ ಕೂಲಿ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಳಿಯ ಊರಿಗೆ ಬಂದಾಗ ದಕ್ಷಿಣ ಕೊಡಗಿನ ಬರಪೊಳೆಗೆ ಹೋದೆವು. ಬ್ರಹ್ಮಗಿರಿಯಲ್ಲಿ ಹುಟ್ಟುವ ಈ ಹೊಳೆ ಕಾವೇರಿಯಂತೆ ಪೂರ್ವಕ್ಕೆ ಬಾರದೆ ಪಶ್ಚಿಮಕ್ಕೆ ಧುಮುಕಿ ಕೇರಳ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ರ‍್ಯಾಫ್ಟಿಂಗ್. ವಿಮಾನದ ಬದಲು ಇಲ್ಲಿ ಜೀಪು. ಕಾಫಿ ತೋಟಗಳ ನಡುವಿನ ಕೊರಕಲು ದಾರಿಯಲ್ಲಿ ಏದುಸಿರು ಬಿಡುತ್ತ ಏರುತ್ತದೆ. ಜೀಪು ನಿಂತಲ್ಲಿಂದ ಹೊಳೆಯವರೆಗೆ ರಬ್ಬರ್ ದೋಣಿಯನ್ನು ಹುಡುಗರು ತಲೆಯ ಮೇಲೆ ಹೊತ್ತರು. ಕೈ ಜೋಡಿಸಲು ಹೋದ ನನಗೆ ಜಿಗಣೆಗಳ ಉಪಚಾರವೂ ದೊರೆಯಿತು. ಆಮೇಲೆ ನೊರೆನೀರಿನಲ್ಲಿ ಕಿರುಚಾಟ, ನಗು. ದಡ ಸೇರಿದಾಗ ಅಳಿಯ, "ಎಷ್ಟು ಬೇಗ ಮುಗಿದುಹೋಯಿತು ಮಾವ!" ಎಂದ. ಆ ಹುಡುಗರು ಆಗಲೇ ದೋಣಿಯನ್ನು ಹೊತ್ತು ಜೀಪಿನ ಕಡೆ ಹೊರಟಿದ್ದರು.

ಒಂಬತ್ತನೆಯ ತರಗತಿಗೆ ಶಕ್ತಿಯ ಪಾಠ ಮಾಡುವಾಗ ನಾನು ಈಗ ಈ ಕಥೆ ಹೇಳುತ್ತೇನೆ. ಹೊಳೆ ಯಾರನ್ನೂ ಪುಕ್ಕಟೆಯಾಗಿ ಕೆಳಗೆ ಒಯ್ಯುವುದಿಲ್ಲ. ಮೇಲಕ್ಕೆ ಒಯ್ಯುವ ಲೆಕ್ಕವನ್ನು ಯಾರೋ ತೀರಿಸಿರುತ್ತಾರೆ, ಪೆಟ್ರೋಲಿನಿಂದಲೋ ಕತ್ತಿನಿಂದಲೋ. ಬೀವರ್ ವಿಮಾನದವರು ಹಿಂದಿರುಗುವ ದಾರಿಯನ್ನೂ ಬಿಲ್ಲಿನಲ್ಲಿ ಬರೆಯುತ್ತಾರೆ. ನಮ್ಮ ಅಂಬಿಗನಿಗೆ ಬಿಲ್ಲು ಬರೆಯಲು ಬರುತ್ತಿರಲಿಲ್ಲ.

ಮೊನ್ನೆ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಆ ಒಂದು ರೂಪಾಯಿಯನ್ನು ಆಮೇಲೆ ಕೊಟ್ಟಿರಾ?"

ಉತ್ತರ ಹೇಳುವ ಮೊದಲೇ ಗಂಟೆ ಹೊಡೆಯಿತು. ಹೊಡೆಯದಿದ್ದರೂ ನನ್ನಲ್ಲಿ ಉತ್ತರ ಇರಲಿಲ್ಲ.