ಒಂದೇ ಹಾಡಿನ ಹುಡುಗರು

ಮದುವೆ ಮನೆಯಲ್ಲಿ ಯಾರಾದರೂ ನನ್ನನ್ನು ಪರಿಚಯ ಮಾಡಿಕೊಟ್ಟರೆ ಇವತ್ತಿಗೂ ಒಂದೇ ಮಾತು: "ಇವರೇ ನೋಡ್ರಿ, ಆ ಕಬ್ಬಿನ ಗ್ಯಾಂಗಿನ ಮಕ್ಕಳ ಸುದ್ದಿ ಬರದೋರು."

ಸ್ಟ್ರಿಂಜರ್ ಆಗಿ ಹನ್ನೊಂದು ವರ್ಷವಾಯಿತು. ಬರ, ನೆರೆ, ಗ್ರಾಮ ಪಂಚಾಯಿತಿ ಜಗಳ, ಜಾತ್ರೆ, ಅಪಘಾತ, ಎಲ್ಲ ಬರೆದಿದ್ದೇನೆ. ಜನರ ತಲೆಯಲ್ಲಿ ಉಳಿದದ್ದು ಆ ಒಂದೇ ಸುದ್ದಿ. ಮೊದಮೊದಲು ಖುಷಿಯಾಗುತ್ತಿತ್ತು. ಆಮೇಲೆ, "ಹಾಗಾದರೆ ಮಿಕ್ಕದ್ದೆಲ್ಲ ಏನು?" ಎಂದು ಒಳಗೊಳಗೇ ಚುಚ್ಚತೊಡಗಿತು.

ಕಳೆದ ತಿಂಗಳು ನಮ್ಮ ಡಿಪ್ಲೊಮಾ ಬ್ಯಾಚಿನ ವಾಟ್ಸ್ಯಾಪ್ ಗುಂಪಿಗೆ ಗೆಳೆಯನೊಬ್ಬ ಒಂದು ಇಂಗ್ಲಿಷ್ ಹಾಡು ಹಾಕಿದ. ಕೆಳಗೆ ನನ್ನ ಹೆಸರು ಬರೆದು, "ಒಂದೇ ಹಾಡಿನ ತಂಡ, ನಿನ್ನ ಥರಾನೇ" ಎಂದು ನಗುವ ಮುಖ ಒತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮೂರು ನಿಮಿಷವೂ ಇಲ್ಲ. ನಮ್ಮ ಭಜನೆ ಮನೆಯ ಹಾರ್ಮೋನಿಯಂನಂತೆ ಒಂದು ಆರ್ಗನ್ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ಒಬ್ಬ ಹುಡುಗ ಕೋಪ, ದುಃಖ ಎರಡನ್ನೂ ಬೆರೆಸಿ ಹಾಡುತ್ತಾನೆ. ಬಸ್ಸು ಬರುವುದರೊಳಗೆ ನಾಲ್ಕು ಸಲ ಕೇಳಿದ್ದೆ.

ಹಾಡಿನ ಹೆಸರು '96 ಟಿಯರ್ಸ್'. ಅಂದರೆ ತೊಂಬತ್ತಾರು ಹನಿ ಕಣ್ಣೀರು. ತಂಡದ ಹೆಸರು 'ಕ್ವೆಶ್ಚನ್ ಮಾರ್ಕ್ ಅಂಡ್ ದಿ ಮಿಸ್ಟೀರಿಯನ್ಸ್'. ಕ್ವೆಶ್ಚನ್ ಮಾರ್ಕ್ ಎಂದು ಅಕ್ಷರದಲ್ಲಿ ಬರೆಯುವುದೂ ಕಡಿಮೆ, ಬರೀ '?' ಚಿಹ್ನೆ. ಹಾಡುಗಾರನ ಹೆಸರೇ ಅದು. ಹುಟ್ಟು ಹೆಸರು ರೂಡಿ ಮಾರ್ಟಿನೆಜ್. ಅದನ್ನು ಬಿಟ್ಟು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೇ ಹೆಸರು ಮಾಡಿಕೊಂಡ. ಕಪ್ಪು ಕನ್ನಡಕ ಇಲ್ಲದೆ ಜನರ ಎದುರು ಬರುತ್ತಿರಲಿಲ್ಲ. ನೀವು ಎಲ್ಲಿಯವರು ಎಂದರೆ ಮಂಗಳ ಗ್ರಹದವನು ಎನ್ನುತ್ತಿದ್ದ. ಮಿಸ್ಟೀರಿಯನ್ಸ್ ಎಂಬುದು 1957ರ ಒಂದು ಜಪಾನಿ ಸಿನಿಮಾದ ಹೆಸರು. ಅದರಲ್ಲಿ ಬೇರೆ ಲೋಕದವರು ಭೂಮಿಗೆ ಇಳಿದು ಬರುತ್ತಾರೆ.

ಇಂಥವರನ್ನು 'ಗ್ಯಾರೇಜ್ ರಾಕ್' ತಂಡ ಎನ್ನುತ್ತಾರೆ. ಗ್ಯಾರೇಜ್ ಎಂದರೆ ನಮ್ಮಲ್ಲಿ ಬೈಕ್ ರಿಪೇರಿ ಅಂಗಡಿ. ಅಲ್ಲಿ ಮನೆಗೆ ಅಂಟಿದ ಕಾರು ನಿಲ್ಲಿಸುವ ಕೋಣೆ. 1964ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕದ ಟಿ.ವಿ.ಯಲ್ಲಿ ಹಾಡಿದ ಮೇಲೆ ಊರೂರಿನ ಹುಡುಗರು ಗಿಟಾರ್ ಹಿಡಿದರು. ಅಭ್ಯಾಸಕ್ಕೆ ಬೇರೆ ಜಾಗವಿಲ್ಲದೆ ಕಾರಿನ ಕೋಣೆಗೆ ನುಗ್ಗಿದರು. ಅದಕ್ಕೇ ಆ ಹೆಸರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹುಡುಗರ ಮನೆಯ ಕತೆ. ಇವರು ಮೆಕ್ಸಿಕೊ ಮೂಲದ ಕೂಲಿ ಕುಟುಂಬಗಳ ಮಕ್ಕಳು. ಆ ಕಾಲದಲ್ಲಿ ಇಂಥ ಕುಟುಂಬಗಳು ದಕ್ಷಿಣದ ಟೆಕ್ಸಸ್ ಕಡೆಯಿಂದ ಉತ್ತರದ ಮಿಶಿಗನ್ ರಾಜ್ಯಕ್ಕೆ ಹೊಲದ ಕೆಲಸಕ್ಕೆ ಬರುತ್ತಿದ್ದವು. ಅಲ್ಲಿನ ಸ್ಯಾಗಿನಾ, ಬೇ ಸಿಟಿ ಸುತ್ತಮುತ್ತ ಸಕ್ಕರೆ ಬೀಟ್ ಬೆಳೆಯುತ್ತಾರೆ. ಬೀಟ್‌ರೂಟಿನ ಜಾತಿಯ ಬಿಳಿ ಗಡ್ಡೆ ಅದು, ಸಕ್ಕರೆ ತೆಗೆಯುವುದು ಅದರಿಂದಲೇ. ಕೆಲವರು ಸುಗ್ಗಿ ಮುಗಿಸಿ ಊರಿಗೆ ಮರಳಿದರು, ಕೆಲವರು ಅಲ್ಲೇ ಬೇರು ಬಿಟ್ಟರು. ಬೇರು ಬಿಟ್ಟವರ ಮಕ್ಕಳೇ ಈ ತಂಡ ಕಟ್ಟಿದ್ದು.

ಸಕ್ಕರೆಗಾಗಿ ಊರು ಬಿಟ್ಟವರ ಮಕ್ಕಳು. ಇದನ್ನು ಓದಿದಾಗ ಗೆಳೆಯನ ತಮಾಷೆ ನನಗೆ ತಮಾಷೆಯಾಗಿ ಉಳಿಯಲಿಲ್ಲ.

ಹಾಡು ಹುಟ್ಟುವ ಮೊದಲೇ ತಂಡಕ್ಕೆ ಒಂದು ಪೆಟ್ಟು ಬಿದ್ದಿತ್ತು. ವಿಯೆಟ್ನಾಂ ಯುದ್ಧದ ಕಾಲ. ಗಿಟಾರ್ ವಾದಕ ಲ್ಯಾರಿ ಬೋರ್ಹಸ್ ಮತ್ತು ಡ್ರಮ್ ಬಾರಿಸುತ್ತಿದ್ದ ರಾಬರ್ಟ್ ಮಾರ್ಟಿನೆಜ್ ಸೈನ್ಯಕ್ಕೆ ಹೋದರು. ಈ ರಾಬರ್ಟ್ ಹಾಡುಗಾರನ ಅಣ್ಣತಮ್ಮಂದಿರಲ್ಲಿ ಒಬ್ಬ. ಅವನ ಜಾಗಕ್ಕೆ ಎಡ್ಡಿ ಸೆರಾಟೊ ಬಂದ. ಗಿಟಾರಿಗೆ ಬಾಬಿ ಬಾಲ್ಡೆರಾಮಾ, ಬೇಸ್ ಗಿಟಾರಿಗೆ ಫ್ರಾಂಕ್ ಲೂಗೊ, ಆರ್ಗನ್‌ಗೆ ಫ್ರಾಂಕ್ ರೊಡ್ರಿಗೆಜ್. ಬಾಬಿ, ರೊಡ್ರಿಗೆಜ್ ಇಬ್ಬರೂ ಇನ್ನೂ ಶಾಲೆಗೆ ಹೋಗುವ ವಯಸ್ಸಿನವರು.

1966ರಲ್ಲಿ ಬೇ ಸಿಟಿಯ ಒಂದು ಮನೆಯಲ್ಲಿದ್ದ ಸಣ್ಣ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಆಯಿತು. ಅವರ ಮ್ಯಾನೇಜರ್ ಲಿಲಿ ಗೊನ್ಸಾಲೆಸ್ ತಮ್ಮದೇ 'ಪಾ-ಗೋ-ಗೋ' ಎಂಬ ಪುಟ್ಟ ಕಂಪನಿಯಿಂದ ಕೆಲವು ನೂರು ರೆಕಾರ್ಡ್ ಮಾತ್ರ ಒತ್ತಿಸಿದರು. ಅದನ್ನು ಹಿಡಿದುಕೊಂಡು ಊರಿನ ರೇಡಿಯೋ ಕೇಂದ್ರಗಳಿಗೆ ಅಲೆದರು. ಮೊದಲು ಸುತ್ತಮುತ್ತಲ ಕೇಂದ್ರಗಳು ಹಾಕಿದವು. ಆಮೇಲೆ ಡೆಟ್ರಾಯಿಟ್ ನಗರದ ಎದುರು ದಡದಲ್ಲಿರುವ, ಕೆನಡಾದ ವಿಂಡ್ಸರ್‌ನ ದೊಡ್ಡ ಕೇಂದ್ರ ಸಿ.ಕೆ.ಎಲ್.ಡಬ್ಲ್ಯು. ಹಾಕಿತು. ಅಲ್ಲಿಗೆ ಬೆಂಕಿ ಹತ್ತಿತು. ಕ್ಯಾಮಿಯೋ-ಪಾರ್ಕ್‌ವೇ ಎಂಬ ದೊಡ್ಡ ಕಂಪನಿ ಬಂದು ಹಾಡನ್ನು ಕೊಂಡು ದೇಶಕ್ಕೆಲ್ಲ ಹಂಚಿತು.

ಬಿಲ್‌ಬೋರ್ಡ್ ಪತ್ರಿಕೆ ಪ್ರತಿ ವಾರ ಅಮೆರಿಕದ ನೂರು ಹಾಡುಗಳ ಪಟ್ಟಿ ಹಾಕುತ್ತದೆ. 1966ರ ಅಕ್ಟೋಬರ್ 29ರ ಪಟ್ಟಿಯಲ್ಲಿ ಬೀಟ್ ಹೊಲದವರ ಮಕ್ಕಳ ಹಾಡು ಮೊದಲ ಸ್ಥಾನಕ್ಕೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೊದಲ ಸ್ಥಾನ ಇದ್ದದ್ದು ಒಂದೇ ವಾರ. ಮುಂದಿನ ವಾರ ಅಲ್ಲಿಗೆ ಬಂದವರು ಮಂಕೀಸ್, ಟಿ.ವಿ. ಧಾರಾವಾಹಿಗಾಗಿ ಆರಿಸಿ ಜೋಡಿಸಿದ ತಂಡ.

ಅವರ ಮುಂದಿನ ಹಾಡು 22ನೇ ಸ್ಥಾನಕ್ಕೆ ನಿಂತಿತು. ಆಮೇಲಿನದು ಇನ್ನೂ ಕೆಳಗೆ. "ಒಂದೇ ಹಾಡಿನ ತಂಡ" ಎಂಬ ಹಣೆಪಟ್ಟಿ ಅಂಟಿತು. ಇಂಥ ತಂಡಗಳ ಕತೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನನಗೆ ಕತೆ ಶುರುವಾಗಿದ್ದೇ ಇಲ್ಲಿಂದ.

1967ರಲ್ಲಿ ಕ್ಯಾಮಿಯೋ-ಪಾರ್ಕ್‌ವೇ ಕಂಪನಿ ಅಲೆನ್ ಕ್ಲೈನ್ ಎಂಬ ವ್ಯವಹಾರಸ್ಥನ ಕೈಗೆ ಹೋಯಿತು. ಕಂಪನಿಯ ಜೊತೆ ಈ ಹುಡುಗರ ಮೂಲ ಟೇಪುಗಳೂ ಹೋದವು. ಕಾಲ ಬದಲಾಯಿತು, ಕ್ಯಾಸೆಟ್ ಬಂತು, ಸಿ.ಡಿ. ಬಂತು. ಆ ಟೇಪುಗಳು ಮಾತ್ರ ಬೀರುವಿನಲ್ಲೇ ಉಳಿದವು. ಮೂಲ ಹಾಡು ಅಧಿಕೃತ ಸಿ.ಡಿ.ಯಾಗಿ ಹೊರಬಂದದ್ದು 2005ರಲ್ಲಿ. ಈ ನಡುವೆ ಅರೀಥಾ ಫ್ರಾಂಕ್ಲಿನ್‌ರಂಥ ದೊಡ್ಡ ಗಾಯಕಿ ಆ ಹಾಡನ್ನು ಹಾಡಿದರು. 1971ರಲ್ಲಿ ಡೇವ್ ಮಾರ್ಶ್ ಎಂಬ ಪತ್ರಕರ್ತರು ಕ್ರೀಮ್ ಪತ್ರಿಕೆಯಲ್ಲಿ ಇವರ ಸಂಗೀತಕ್ಕೆ 'ಪಂಕ್ ರಾಕ್' ಎಂದು ಕರೆದರು. ಮುಂದೆ ಆ ಮಾತು ಒಂದು ದೊಡ್ಡ ಸಂಗೀತ ಪಂಥದ ಹೆಸರೇ ಆಯಿತು. ಕತೆ ಬೆಳೆಯುತ್ತಲೇ ಇತ್ತು. ಕಟ್ಟಿದವರ ಕೈಯಲ್ಲಿ ಮಾತ್ರ ಅವರ ಹಾಡು ಇರಲಿಲ್ಲ.

ಈಗ ನನ್ನ ಸುದ್ದಿಗೆ ಬರುತ್ತೇನೆ. ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಮಕ್ಕಳು ಆರು ತಿಂಗಳು ಶಾಲೆ ಬಿಟ್ಟು ಗುಡಿಸಲಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದರ ಬಗ್ಗೆ ಬರೆದಿದ್ದೆ. ಮೂರು ದಿನ ಗದ್ದೆ ಬದುವಿನಲ್ಲಿ ಕೂತು ಮಾತಾಡಿಸಿ ಬರೆದದ್ದು. ರಾಜ್ಯದ ಮುಖಪುಟಕ್ಕೆ ಬಂತು. ಮೇಲೆ ನನ್ನ ಹೆಸರಿರಲಿಲ್ಲ, "ನಮ್ಮ ಪ್ರತಿನಿಧಿಯಿಂದ" ಎಂದಿತ್ತು. ಕಾಲಂ ಲೆಕ್ಕದಲ್ಲಿ ದುಡ್ಡು ಬಂತು, ಅದರಲ್ಲಿ ಬೈಕಿಗೆ ಒಂದು ಟೈರು ಹಾಕಿಸಿದೆ.

ಹೋದ ವರ್ಷ ಒಂದು ಕಾಲೇಜಿನವರು ಅದನ್ನು ಮಕ್ಕಳಿಗೆ ತೋರಿಸಬೇಕು, ಕಳಿಸಿ ಎಂದರು. ಹುಡುಕಿದೆ. ಸೈಬರ್ ಸೆಂಟರಿನಿಂದ ಕಳಿಸಿದ್ದ ಆ ಇಮೇಲಿನ ಪಾಸ್‌ವರ್ಡ್ ಮರೆತುಹೋಗಿತ್ತು. ಫೋಟೊ ಇದ್ದ ಫೋನು ಎಂದೋ ಕೆಟ್ಟಿತ್ತು. ಪತ್ರಿಕೆಯ ವೆಬ್‌ಸೈಟಿನಲ್ಲಿ ಆ ಪುಟ ಇಲ್ಲ. ಕತ್ತರಿಸಿ ಇಟ್ಟಿದ್ದ ತುಂಡನ್ನು ಅಮ್ಮ ಅಲ್ಮೇರಾದ ಕೆಳಗೆ ಹಾಸಿ, ಅದು ಗೆದ್ದಲಿಗೆ ಆಹಾರವಾಗಿತ್ತು. ಎಲ್ಲರ ಬಾಯಲ್ಲಿರುವ ಸುದ್ದಿ ಬರೆದವನ ಹತ್ತಿರ ಮಾತ್ರ ಇಲ್ಲ. ಕಾಲೇಜಿನವರಿಗೆ ಸುಳ್ಳು ಹೇಳಿ ತಪ್ಪಿಸಿಕೊಂಡೆ.

ಆ ಹುಡುಗರು ಏನು ಮಾಡಿದರು ಗೊತ್ತೆ? 1997ರಲ್ಲಿ ಮತ್ತೆ ಸೇರಿದರು. ತಮ್ಮ ಹಳೆಯ ಹಾಡುಗಳನ್ನು ತಾವೇ ಹೊಸದಾಗಿ ಹಾಡಿ, ಬಾರಿಸಿ, ರೆಕಾರ್ಡ್ ಮಾಡಿದರು. ಹದಿನಾರರ ಹುಡುಗರು ಆಗ ಐವತ್ತರ ಹತ್ತಿರ ಬಂದಿದ್ದರು. ಡ್ರಮ್ ಮುಂದೆ ಕೂತವನು ಯಾರು? ಸೈನ್ಯಕ್ಕೆ ಹೋಗಿ ಆ ದೊಡ್ಡ ಹಾಡನ್ನೇ ತಪ್ಪಿಸಿಕೊಂಡಿದ್ದ ರಾಬರ್ಟ್. ಮೂವತ್ತು ವರ್ಷದ ಮೇಲೆ ಆ ಹಾಡಿನಲ್ಲಿ ಅವನ ಏಟೂ ದಾಖಲಾಯಿತು.

2007ರ ಜನವರಿಯಲ್ಲಿ ಹಾಡುಗಾರನ ಮನೆಗೆ ಬೆಂಕಿ ಬಿತ್ತು. ಕೂಡಿಟ್ಟಿದ್ದ ನೆನಪಿನ ವಸ್ತುಗಳೆಲ್ಲ ಸುಟ್ಟುಹೋದವು. ಸಾಕಿದ್ದ ನಾಯಿಗಳೂ ಸತ್ತವು. ಸಂಗೀತದ ಗೆಳೆಯರು ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿದರು. ಅವನು ಮತ್ತೆ ಕಪ್ಪು ಕನ್ನಡಕ ಹಾಕಿಕೊಂಡು ವೇದಿಕೆ ಹತ್ತಿದ, ಅದೇ ಹಾಡು ಹಾಡಿದ.

ಒಂದೇ ಹಾಡು ಎಂಬುದು ಸೋಲಲ್ಲ. ಒಂದಾದರೂ ಜನರ ಬಾಯಿಗೆ ಬರುವುದು ಎಷ್ಟು ಕಷ್ಟ ಎಂದು ದಿನಾ ಸುದ್ದಿ ಕಳಿಸುವವನಿಗೆ ಗೊತ್ತು. ಮಾಡಿದ್ದು ನಮ್ಮ ಕೈಯಲ್ಲಿ ಉಳಿಯದೆ ಹೋದರೆ ಅದು ನಷ್ಟ.

ಆ ವಾರ ಹಳೆಯ ನೋಟ್‌ಬುಕ್ ಹುಡುಕಿದೆ, ಸಿಕ್ಕಿತು. ಬಾಲ್ ಪೆನ್ನಿನ ಗೀಚು, ಮಕ್ಕಳ ವಯಸ್ಸು, ಊರು, ಗುಡಿಸಲ ಲೆಕ್ಕ ಎಲ್ಲ ಇತ್ತು. ಈ ಸುಗ್ಗಿಗೆ ಗ್ಯಾಂಗು ಬಂದಾಗ ಅದೇ ಗದ್ದೆಗೆ ಹೋದೆ. ಅಂದು ಏಳು ವರ್ಷದವನಾಗಿದ್ದ ಹುಡುಗ ಈಗ ತಾನೇ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರ್ ಏರುತ್ತಿದ್ದ. ಗುರುತು ಹಿಡಿದು, "ನೀವು ಆವಾಗ ಬಂದಿದ್ರಲ್ಲ, ಅಣ್ಣಾರ" ಎಂದ. ಪತ್ರಿಕೆಯಲ್ಲಿ ಬಂದದ್ದು ಗೊತ್ತಾ ಎಂದೆ. "ಇಲ್ರಿ, ನಮಗ್ಯಾರ ತೋರಸ್ತಾರ?" ಎಂದ.

ಅದೇ ಸುದ್ದಿಯನ್ನು ಮತ್ತೆ ಬರೆಯುತ್ತಿದ್ದೇನೆ. ಈ ಸಲ ಮೊದಲು ಇದೇ ಬ್ಲಾಗಿಗೆ, ನನ್ನ ಹೆಸರಿನಲ್ಲಿ. ಒಂದು ಪ್ರತಿ ಪೆನ್‌ಡ್ರೈವಿಗೆ, ಒಂದು ಆ ಹುಡುಗನ ಫೋನಿಗೆ.