ಬಿಟ್ಟುಹೋದ ಆರನೆಯ ವಚನ

ಕಾಲು, ಕಣ್ಣು, ಕಿವಿಗಳ ಬಲವನ್ನು ಹಿಂತೆಗೆದುಕೊಳ್ಳೆಂದು ವಿಶ್ವಗುರು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡುವ ವಚನವೊಂದುಂಟು. ಶರಣ ಬಂಧುಗಳೆಲ್ಲರ ನಾಲಿಗೆಯ ಮೇಲಿರುವ ವಚನವದು. ಗದಗ ಸೀಮೆಯ ಸರಕಾರಿ ಶಾಲೆಯೊಂದರ ಕನ್ನಡ ಮಾಸ್ತರರು ಒಂದು ಶನಿವಾರ ಆ ವಚನವನ್ನು ಬಿಟ್ಟು ಮುಂದಿನದಕ್ಕೆ ಹೋದರು.

ಕಾರಣ ಮೊದಲ ಸಾಲಿನಲ್ಲಿಯೇ ಕುಳಿತಿತ್ತು. ಏಳನೆಯ ತರಗತಿಯ ಆ ಬಾಲಕಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಮಗಳನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಡಬೇಕೆಂಬುದು ತಂದೆಯ ಮೊದಲ ಎಣಿಕೆಯಾಗಿತ್ತು. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು, ಶಾಲೆಗಳು ಬಾಗಿಲು ತೆರೆಯದ ಕಾಲದಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಉಣಿಸಿದ ಪುಣ್ಯಸ್ಥಳವದು. ಆದರೆ ಈ ಬಾಲಕಿಗೆ ಸಂಗೀತದಲ್ಲಿ ಒಲವಿಲ್ಲ, ಲೆಕ್ಕವೆಂದರೆ ಪ್ರಾಣ. (ಕಣ್ಣಿಲ್ಲದವರೆಲ್ಲ ಹಾಡಲೇಬೇಕೆಂದು ವಿಧಿಸಿದವರು ಯಾರೋ!) 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತಾನು ಆಯ್ದುಕೊಂಡಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಬಾಲಕಿ ಊರ ಶಾಲೆಯನ್ನೇ ಆಯ್ದುಕೊಂಡಳು.

ಕಲಿಯಬೇಕಾದವರು ಮಾಸ್ತರರಾದರು. ಕಪ್ಪು ಹಲಗೆಯತ್ತ ಕೈ ತೋರಿ 'ಇಲ್ಲಿ ನೋಡಿರಿ' ಎಂದರೆ ಆಕೆಗೆ ಏನೂ ಹೇಳಿದಂತಾಗದು. ಬರೆದುದನ್ನೆಲ್ಲ ಬಾಯಿಬಿಟ್ಟು ಓದುವ ರೂಢಿಗೆ ಒಂದು ವರುಷ ಹಿಡಿಯಿತು. 'ಬಸವಣ್ಣ' ಎಂಬ ಪದಕ್ಕೆ 'ಣಕಾರದ ಕೆಳಗೆ ಒತ್ತು ಕೊಡು' ಎಂದಾಗ ಆಕೆ ಗೊಂದಲಕ್ಕೊಳಗಾದಳು. ಬ್ರೈಲ್ ಲಿಪಿಯಲ್ಲಿ 'ಕೆಳಗೆ' ಎಂಬುದೇ ಇಲ್ಲ. ಮೊದಲು ಒತ್ತಿನ ಗುರುತಾಗಿ ಒಂದು ಚುಕ್ಕೆ, ಬಳಿಕ ಎರಡು ಣಕಾರಗಳು ಒಂದೇ ಸಾಲಿನಲ್ಲಿ ಸಮನಾಗಿ ಕೂಡುತ್ತವೆ. ಇದನ್ನು ಮಾಸ್ತರರಿಗೆ ತಿಳಿಸಿದವರು ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಆಗಾಗ ಬರುವ ವಿಶೇಷ ಶಿಕ್ಷಕಿ. ಶನಿವಾರದ ಪಾಠದ ಹನ್ನೆರಡು ವಚನಗಳನ್ನು ದಪ್ಪ ಹಾಳೆಯ ಮೇಲೆ ಚುಚ್ಚಿ ಬರೆದುಕೊಟ್ಟವರೂ ಅವರೇ.

ಪಾಠ ಮುಗಿದ ಮೇಲೆ ಬಾಲಕಿ ಮೇಜಿನ ಬಳಿ ಬಂದಳು.

"ಸರ್, ಐದರ ಮ್ಯಾಲೆ ಏಳು ಬಂತಲ್ರೀ. ಆರು ಯಾಕ ಬಿಟ್ರಿ?"

"ಅದು ಸ್ವಲ್ಪ ಕಠಿಣ ಐತವ್ವಾ. ಮುಂದ ನೋಡೂಣು."

"ನಾ ಓದೀನ್ರೀ. ಕಠಿಣ ಏನಿಲ್ಲ. ಅವರು ಬೇಡಿದ್ದು ನನಗ ಬೇಡಲಾರದನ ಬಂದೈತಿ. ಆದ್ರ ನನ್ನ ಮನಸೇನು ನಿಂತಲ್ಲೇ ನಿಂತಿಲ್ರೀ."

ಮಾಸ್ತರರಿಗೆ ಮಾತು ಹೊರಡಲಿಲ್ಲ. ಆ ವಚನಕ್ಕೆ ಅವರು ಓದಿದ್ದ ಯಾವ ವ್ಯಾಖ್ಯಾನದಲ್ಲಿಯೂ ಇಲ್ಲದ ಮಾತು ಅದಾಗಿತ್ತು. ಬಸವಣ್ಣನವರು ಬೇಡುವುದು ದೇಹದ ಊನವನ್ನಲ್ಲ. ಕಂಡಕಂಡಲ್ಲಿಗೆ ಹರಿಯುವ ಮನಕ್ಕೆ ಒಂದು ಒಡ್ಡನ್ನು. ಕಣ್ಣುಳ್ಳವನ ಮನ ಕಣ್ಣಿನ ದಾರಿಯಲ್ಲಿ ಹೊರಟರೆ ಆಕೆಯ ಮನ ಕಿವಿಯಿಂದಲೋ ಬೆರಳ ತುದಿಯಿಂದಲೋ ಹೊರಡುತ್ತದೆ. ಅಂಧತ್ವವೇ ಸಾಧನೆಯೆಂದಾಗಲಿ, ಅದು ಕರ್ಮಫಲವೆಂದಾಗಲಿ ಆ ವಚನ ಹೇಳುವುದಿಲ್ಲ. ಅಜ್ಞಾನಿಯನ್ನು ಕುರುಡನಿಗೆ ಹೋಲಿಸುವ ಮಾತುಗಳು ವಚನ ಸಾಹಿತ್ಯದಲ್ಲಿ ಇಲ್ಲದಿಲ್ಲ. ಆ ಕಾಲದ ಆಡುನುಡಿಯಿಂದ ಬಂದ ಅಂತಹ ಹೋಲಿಕೆಗಳನ್ನು ಇಂದಿನ ತರಗತಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಮುಚ್ಚಿಟ್ಟರೆ ಮಗು ತಾನಾಗಿಯೇ ಓದಿಕೊಂಡು, ಒಂಟಿಯಾಗಿ ನೋಯುತ್ತದೆ. ಆಕೆಗೆ ನೋವಾಗದಿರಲೆಂದು ಪಾಠ ಬಿಟ್ಟ ಮಾಸ್ತರರು, ನಲವತ್ತು ಮಕ್ಕಳ ನಡುವೆ ಆಕೆಯೊಬ್ಬಳನ್ನೇ ಬೇರೆಯಾಗಿ ಎಣಿಸಿದ್ದರು. ಅದು ಆಕೆಗೆ ತಿಳಿದೂ ಇತ್ತು.

ಮರುವಾರ ಆರನೆಯ ವಚನವನ್ನು ತೆಗೆದುಕೊಳ್ಳಲಾಯಿತು. ಬೆರಳಾಡಿಸುತ್ತ ಓದಿದವಳು ಆಕೆಯೇ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಕಿವುಡಾದ್ರ ದೇವರ ಮಾತರ ಹೆಂಗ ಕೇಳೂದ್ರಿ?" ಎಂದ. ಉತ್ತರ ಕೊಡಲು ಐದಾರು ಮಕ್ಕಳು ಒಟ್ಟಿಗೇ ಎದ್ದರು. ಗಂಟೆ ಬಾರಿಸಿದರೂ ಮಾತು ಮುಗಿಯಲಿಲ್ಲ. ಎಂಟನೆಯ ವಚನ ಮುಂದಿನ ಶನಿವಾರಕ್ಕೆ ಉಳಿಯಿತು.