ಚಳಿಯ ಮೇಲೆ ಗೂಬೆ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಸಂಕ್ರಾಂತಿ ಕಳೆದು ಮೂರನೇ ದಿನ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಭಾರತೀನಗರಕ್ಕಿಂತ ಕೊಂಚ ಈಚೆ ಒಳಕ್ಕೆ ತಿರುಗಿದರೆ ಅಕ್ಕನ ಊರು. ನಾಲೆ ಕಡೆಯಿಂದ ಎದ್ದ ಮಂಜು ಕಬ್ಬಿನ ಗದ್ದೆ ದಾಟಿ ಬೀದಿಗೇ ಬಂದು ಕೂತಿದೆ. ಕಾರಿನ ಗಾಜನ್ನು ಟವೆಲಿನಲ್ಲಿ ಒರೆಸುತ್ತೇನೆ. ಒರೆಸಿದಷ್ಟೂ ಮತ್ತೆ ಬೆವರುತ್ತದೆ. ಹಿಂದಿನ ಸೀಟಿನಲ್ಲಿ ಅಕ್ಕನ ಮಗಳು ಶಾಲು ಹೊದ್ದು, ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಕೂತಾಗಿದೆ. ಹತ್ತಕ್ಕೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ. ಆರೂವರೆಗೆಲ್ಲ ಮದ್ದೂರು ಸ್ಟೇಷನ್ನಿನಲ್ಲಿರಬೇಕು.

ಕೀ ತಿರುಗಿಸುತ್ತೇನೆ. ಮೀಟರಿನ ಮೂಲೆಯಲ್ಲಿ ಸುರುಳಿ ಗುರುತಿನ ಹಳದಿ ದೀಪ ಹತ್ತುತ್ತದೆ, ಆರುತ್ತದೆ. ಇನ್ನೊಂದು ತಿರುವು. ಗರ್ ಗರ್ ಗರ್ ಗರ್... ಸ್ಟಾರ್ಟರ್ ಚೆನ್ನಾಗಿಯೇ ತಿರುಗಿಸುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ. ಮತ್ತೆ. ಮತ್ತೆ. ಪಕ್ಕದ ಮನೆ ನಾಯಿ ಎದ್ದು ಬೊಗಳತೊಡಗುತ್ತದೆ.

"ಚಳಿ ಕನ ಬಾಮೈದ," ಜಗಲಿಯಿಂದ ಭಾವನ ತೀರ್ಪು ಬರುತ್ತದೆ. "ಡೀಸಲ್ ಗಾಡಿ ಅಲ್ವಾ, ಎಣ್ಣೆ ಗಟ್ಟಿಯಾಗೋಗದೆ."

ಫೋನಿನಲ್ಲಿ ನೋಡಿದರೆ 14 ಡಿಗ್ರಿ. ಮಂಡ್ಯ ಸೀಮೆಯವರಿಗೆ ಇದು ಕಿವಿ ಮುಚ್ಚಿಕೊಳ್ಳುವ ಚಳಿ. ಬಚ್ಚಲ ಗೂಡಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕೂತಿದೆ. ಭಾವ ಅದನ್ನು ನೋಡಿಯೇ ತೀರ್ಪು ಬರೆದಿರಬೇಕು. ಆದರೆ ಡೀಸೆಲ್ಲಿಗೆ ಇದು ಚಳಿಯೇ ಅಲ್ಲ. ಅದರೊಳಗೆ ಮೇಣ ಇರುವುದು, ತೀರಾ ತಣಿದರೆ ಅದು ಹರಳುಗಟ್ಟಿ ಫಿಲ್ಟರಿಗೆ ಮೆತ್ತಿಕೊಳ್ಳುವುದು, ಎಲ್ಲ ನಿಜ. ಅದು ಲಡಾಖಿನ ಪಾಡು. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ನಮ್ಮೂರ ಜನವರಿಗೆ ಅಷ್ಟು ದೊಡ್ಡ ಆಪಾದನೆ ಹೊರುವ ಶಕ್ತಿಯಿಲ್ಲ.

"ತಳ್ಳಣ ಬುಡು. ಸೆಕೆಂಡ್ ಗೇರಿಗೆ ಹಾಕು," ಭಾವ ಪಂಚೆ ಎತ್ತಿ ಕಟ್ಟುತ್ತಾರೆ.

ಬೇಡವೆನ್ನುತ್ತೇನೆ. ಈ ಕಾರು ನನ್ನ ಕೈಗೆ ಬಂದಮೇಲೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ ನೆನಪಿಲ್ಲ. ತಳ್ಳಿ ಕ್ಲಚ್ ಬಿಟ್ಟ ಎಳೆತಕ್ಕೆ ಹಳೇ ಬೆಲ್ಟು ಒಂದು ಹಲ್ಲು ಜಾರಿದರೂ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲೆ ಕಾರನ್ನು ತಳ್ಳಬೇಕಾದ್ದು ಗುಜರಿ ಅಂಗಡಿಗೆ.

ಬೀದಿ ಕೊನೆಯ ಆಲೆಮನೆಯಲ್ಲಿ ಆಗಲೇ ಒಲೆ ಹತ್ತಿದೆ. ಮಂಜಿನೊಳಗೆ ಅದರ ಬಾಯಿ ಮಾತ್ರ ಕೆಂಪಗೆ ಕಾಣುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಆ ಕಡೆಯಿಂದ ಒಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ನಡೆದುಬರುತ್ತಾರೆ. ಊರಿಗೆಲ್ಲ ಅಣ್ಣ, ಅಕ್ಕನ ಮಗಳಿಗೆ ತಾತ. ಬೀಡಿಯನ್ನು ದೂರಕ್ಕೆ ಎಸೆದು, ಬಾನೆಟ್ಟಿನ ಕಡೆ ಕಣ್ಣೂ ಹಾಯಿಸದೆ, ನೆಟ್ಟಗೆ ಕಾರಿನ ಹಿಂದಕ್ಕೆ ಹೋಗಿ ಸೈಲೆನ್ಸರ್ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಒಂದ್ ಕಿತ ಹೊಡಿ ಮಗ."

ಹೊಡೆಯುತ್ತೇನೆ. ಗರ್ ಗರ್ ಗರ್.

"ಹೊಗೆನೇ ಇಲ್ವಲ್ಲಪ್ಪ! ಎಣ್ಣೆನೇ ಬತ್ತಿಲ್ಲ. ಚಳಿ ಏನ್ ಮಾಡ್ತದೆ, ಪಾಪ."

ನಾನು ಬಾನೆಟ್ ಎತ್ತಿ ಟಾರ್ಚ್ ಹಿಡಿದು ಹುಡುಕುವುದರಲ್ಲಿದ್ದೆ, ಅವರು ಸೈಲೆನ್ಸರ್ ನೋಡಿ ಅರ್ಧ ಊರು ದಾಟಿಬಿಟ್ಟರು. ಇಂಜಿನ್ ತಿರುಗುತ್ತಿದ್ದರೂ ಹೊಗೆ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಬೆಂಕಿ ಹತ್ತುತ್ತಿಲ್ಲ. ಎರಡೂ ಬೇರೆ ಬೇರೆ ರೋಗ, ಬೇರೆ ಬೇರೆ ಮದ್ದು.

ಬಾನೆಟ್ ತೆರೆಯುತ್ತದೆ. ಡೀಸೆಲ್ ಫಿಲ್ಟರಿನ ತಲೆಯ ಮೇಲಿನ ಪ್ರೈಮರ್ ಒತ್ತಿ ನೋಡುತ್ತೇನೆ. ನಾಲ್ಕೈದು ಸಲಕ್ಕೆ ಕಲ್ಲಿನಂತೆ ಗಟ್ಟಿಯಾಗಬೇಕಾದ್ದು ಕೊಳೆತ ಹಣ್ಣಿನಂತೆ ಮೆತ್ತಗಿದೆ. ಗಾಳಿ. ಬ್ಲೀಡ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ಒತ್ತುತ್ತಾ ಹೋದರೆ ಮೊದಲು ಬುಸ್ ಎನ್ನುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆ ಗುಳ್ಳೆ. ಅಣ್ಣ ಮಾತ್ರ ಅದನ್ನು ನೋಡುತ್ತಿಲ್ಲ. ಇಂಜೆಕ್ಟರುಗಳಿಂದ ಹಿಂದಕ್ಕೆ ಬರುವ ಸಣ್ಣ ರಬ್ಬರ್ ಪೈಪುಗಳನ್ನು ಬೆರಳಲ್ಲಿ ಸವರುತ್ತಾ ಹೋಗಿ ಒಂದರ ತುದಿಯಲ್ಲಿ ನಿಲ್ಲುತ್ತಾರೆ. "ಇಲ್ಲದೆ ನೋಡು ಕಳ್ಳ."

ರಬ್ಬರ್ ಬಾಯಿಯಲ್ಲಿ ಕೂದಲೆಳೆಯಷ್ಟು ಸೀಳು. ಇಷ್ಟು ಸಾಕು: ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಕ್ಕೆ ಎಳೆದುಕೊಂಡು, ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಹಗಲಿನ ಬಿಸಿಗೆ ಮೆತ್ತಗಾಗಿ ಅಂಟಿಕೊಂಡಿದ್ದ ರಬ್ಬರು ಚಳಿಗೆ ಬಿರುಸಾಗಿ ಬಾಯಿ ಬಿಟ್ಟಿತು ಎಂದರೆ ಒಪ್ಪುತ್ತೇನೆ. ಭಾವನಿಗೆ ಅಷ್ಟು ಪಾಲು ಕೊಡಬಹುದು. ಸೀಳಿದ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಉಳಿದದ್ದನ್ನು ಒತ್ತಿ ಕೂರಿಸಿ, ಕಟ್ಟಡದ ಬೈಂಡಿಂಗ್ ವೈರಿನಲ್ಲಿ ಬಿಗಿಯುತ್ತೇವೆ. ಫಿಲ್ಟರಿನ ತಳದ ತಿರುಪು ಬಿಚ್ಚಿ ಒಂದು ಲೋಟಕ್ಕೆ ಬಸಿದರೆ, ಡೀಸೆಲ್ಲಿನಡಿ ನೀರು ಪಾದರಸದಂತೆ ಉರುಳುತ್ತಿದೆ. ಅಕ್ಕ ಬಾಗಿಲಿಂದಲೇ ಕೂಗುತ್ತಾಳೆ: "ಅಯ್ಯೋ, ಕಾಫಿ ಲೋಟ ಕನೋ ಅದು!"

ಪ್ರೈಮರ್ ಈಗ ಗಟ್ಟಿ. ಕೀ ತಿರುಗಿಸುತ್ತೇನೆ. ಇಂಜಿನ್ ಒಮ್ಮೆ ಕೆಮ್ಮುತ್ತದೆ. ಹಿಂದಿನಿಂದ ಬೆಳ್ಳಗೆ, ದಟ್ಟಗೆ, ಕಣ್ಣು ಉರಿಸುವ ಹೊಗೆ ಮಂಜಿಗೆ ಸೇರುತ್ತದೆ. ಹಸಿ ಡೀಸೆಲ್ ವಾಸನೆ.

"ಎಣ್ಣೆ ಬಂತು. ಈಗ ಉರಿ ಇಲ್ಲ," ಎನ್ನುತ್ತಾರೆ ಅಣ್ಣ.

ಕರೆಂಟ್ ಮೋಟಾರು ಬರುವ ಮುಂಚೆ ಇವರ ಆಲೆಮನೆಯ ಗಾಣ ತಿರುಗುತ್ತಿದ್ದದ್ದು ಆಯಿಲ್ ಇಂಜಿನ್ನಿನಲ್ಲಿ. ಹ್ಯಾಂಡಲ್ ಹೊಡೆಯುವ ಪಾಠ ಅವರ ಬಾಯಲ್ಲಿ ಹೀಗಿದೆ: "ಸನ್ನೆ ಎತ್ತಿ ಉಸಿರು ಬುಟ್ಕೊಂಡು ಚಕ್ರ ತಿರುಗ್ಸು. ಜೋರ್ ಬಂತಾ, ಸನ್ನೆ ಬುಡು, ಉಸಿರು ಕಟ್ತದೆ. ದಡ್ ಅಂತ ಹಿಡ್ಕತದೆ." ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟೂ ಈ ಉಸಿರು ಕಟ್ಟುವುದೇ. ಕಿಡಿ ಇಲ್ಲ. ನನ್ನ ಕಾರಿನಂಥ ಹಳೇ ಇಂಜಿನ್ನುಗಳಲ್ಲಿ ಗಾಳಿಯನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಹಿಂಡಿದರೆ ಅದು 500 ಡಿಗ್ರಿಯ ಆಚೆಗೆ ಕಾಯುತ್ತದೆ, ಮೇಲೆ ಸಿಂಪಡಿಸಿದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಇಂಜಿನ್ನಿನ ಕಬ್ಬಿಣ ತಣ್ಣಗಿದ್ದರೆ ಆ ಕಾವನ್ನೆಲ್ಲ ಗೋಡೆಗಳೇ ಕುಡಿದುಬಿಡುತ್ತವೆ. ಆ ಕೊರತೆ ತುಂಬಲೆಂದೇ ಸಿಲಿಂಡರಿಗೊಂದರಂತೆ ಪೆನ್ಸಿಲ್ ಗಾತ್ರದ ಹೀಟರ್ ಪ್ಲಗ್ ಇರುವುದು.

ಆದರೆ ಹಳದಿ ದೀಪ ಸರಿಯಾಗಿಯೇ ಹತ್ತಿ ಆರಿತ್ತಲ್ಲ? ಬಹಳ ಜನ ಎಡವುವುದು ಇಲ್ಲೇ. ಹಳೇ ಕಾರುಗಳಲ್ಲಿ ದೀಪ ಆರಿತೆಂದರೆ ಲೆಕ್ಕದ ಹೊತ್ತು ಮುಗಿಯಿತು ಎಂದಷ್ಟೇ ಅರ್ಥ. ಪ್ಲಗ್ ಕಾದಿದೆಯೋ ಸತ್ತಿದೆಯೋ ಆ ದೀಪಕ್ಕೆ ಗೊತ್ತಿಲ್ಲ.

ಕಾರಿನದೇ ಇಂಡಿಕೇಟರ್ ಬಲ್ಬು ಕಿತ್ತು ಎರಡು ವೈರು ಸುತ್ತುತ್ತೇನೆ. ನಾಲ್ಕು ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿಟ್ಟು, ಒಂದು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತಲೆಗೆ ತಾಗಿಸುತ್ತಾ ಹೋಗುತ್ತೇನೆ. ಅಕ್ಕನ ಮಗಳು ಇಳಿದು ಬಂದು ಟಾರ್ಚ್ ಹಿಡಿದಿದ್ದಾಳೆ. ಮೊದಲನೆಯದು: ಬಲ್ಬು ಹತ್ತಿತು. ಎರಡನೆಯದು: ಕತ್ತಲು. ಮೂರನೆಯದು: ಹತ್ತಿತು. ನಾಲ್ಕನೆಯದು: ಕತ್ತಲು.

"ಎರಡು ಹೋಗಿವೆ ಮಾವ?"

ಹೋಗಿವೆ. ಯಾವಾಗಲೋ ಹೋಗಿವೆ. ಬೇಸಿಗೆಯಲ್ಲಿ ಇವುಗಳ ಗೊಡವೆಯಿಲ್ಲದೆ ಇಂಜಿನ್ ಹತ್ತುತ್ತದೆ, ಹಾಗಾಗಿ ಸತ್ತ ಸುದ್ದಿ ಮನೆಗೆ ಮುಟ್ಟುವುದು ಪುಷ್ಯ ಮಾಸದಲ್ಲೇ.

ಪಟ್ಟಿ ಮತ್ತೆ ಬಿಗಿಯಾಯಿತು. ಆದರೆ ಇಷ್ಟು ಹೊತ್ತಿನ ಗರಗರಕ್ಕೆ ಬ್ಯಾಟರಿ ಸೋತಿದೆ. ಕೀ ತಿರುಗಿಸಿದರೆ ಟಕ್ ಟಕ್ ಮಾತ್ರ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಇಲ್ಲಿ ನನಗೆ ಬೇಕಿರುವುದು 12 ವೋಲ್ಟು, ಅದಕ್ಕೂ ಗತಿಯಿಲ್ಲ. ಭಾವ ಬೀದಿಯ ಇನ್ನೊಂದು ಮನೆಯ ಹುಡುಗನನ್ನು ಎಬ್ಬಿಸಿ ಟ್ರ್ಯಾಕ್ಟರ್ ತರಿಸುತ್ತಾರೆ. ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪನ್ನು ನನ್ನ ಬ್ಯಾಟರಿಯ ಮೈನಸ್ಸಿಗೆ ಕೊಡದೆ, ಕಟ್ಟಕಡೆಗೆ, ಇಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸುತ್ತೇನೆ. ಬ್ಯಾಟರಿಯ ತಲೆಯ ಮೇಲೆ ಹೈಡ್ರೋಜನ್ ಕೂತಿದ್ದರೆ ಅಲ್ಲಿ ಕಿಡಿ ಹಾರಬಾರದು. ಟ್ರ್ಯಾಕ್ಟರ್ ಹುಡುಗ ಸ್ಟಾರ್ಟಿಂಗ್ ಸ್ಪ್ರೇ ಇದೆ ಅಣ್ಣ, ತರಲಾ ಎನ್ನುತ್ತಾನೆ. ಕೆಂಪಗೆ ಕಾದ ಹೀಟರಿಗೆ ಆ ಈಥರ್ ತಾಗಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತದೆ. ಬೇಡಪ್ಪ.

ಹೆಡ್‌ಲೈಟ್ ಆಫ್. ಕ್ಲಚ್ ಪೂರ್ತಿ ಅದುಮಿದ್ದೇನೆ, ತಣ್ಣನೆ ಗೇರ್ ಆಯಿಲ್ಲನ್ನು ಸ್ಟಾರ್ಟರ್ ಯಾಕೆ ಕಲಕಬೇಕು. ಕೀ ಆನ್, ಹತ್ತೆಣಿಸಿ ಆಫ್. ಮತ್ತೆ ಆನ್, ಹತ್ತು, ಆಫ್. ಮೂರನೇ ಸಲ. ಬದುಕಿರುವ ಎರಡು ಪ್ಲಗ್ಗುಗಳೇ ನಾಲ್ಕರ ಕೆಲಸ ಮಾಡಬೇಕು.

"ಈಗ ಹೊಡಿ."

ಗರ್ ಗರ್ ಗರ್ ದಡ್. ದಡ್ ದಡ್. ಇಡೀ ಕಾರು ಚಳಿಜ್ವರ ಬಂದವರಂತೆ ನಡುಗುತ್ತದೆ, ಕನ್ನಡಿ ಅದುರುತ್ತದೆ. ಓಡುತ್ತಿರುವುದು ಎರಡೇ ಸಿಲಿಂಡರು. ಬಿಳಿ ಹೊಗೆಯಲ್ಲಿ ಭಾವ ಮಾಯವಾಗಿದ್ದಾರೆ. ಆಕ್ಸಿಲರೇಟರನ್ನು ಹೆಬ್ಬೆರಳ ತೂಕದಷ್ಟು ಒತ್ತಿ ಹಿಡಿಯುತ್ತೇನೆ. ಮೂರನೆಯದು ಸೇರಿತು. ಒಂದು ಗಳಿಗೆ ಬಿಟ್ಟು ನಾಲ್ಕನೆಯದು. ನಡುಕ ನಿಂತು ಹಳೇ ಗಟ್ಟಿ ದನಿ ಬಂತು.

ಐದೂ ಐವತ್ತು. ಭಾರತೀನಗರದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಒಂದಕ್ಕೆ ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೊಂದು ಕೆಂಪು ದೀಪವೂ ಇಲ್ಲದೆ ಮಂಜಿನಲ್ಲಿ ನಿಂತಿವೆ. ಕಾರು ಹತ್ತದಿದ್ದದ್ದಕ್ಕಿಂತ ನನಗೆ ಹೆದರಿಕೆ ಇವುಗಳದೇ. ಮದ್ದೂರು ಸ್ಟೇಷನ್ ಮುಂದೆ ಅವಳನ್ನಿಳಿಸಿದಾಗ ಆರೂ ಇಪ್ಪತ್ತೆಂಟು. ಭಾವ ಬಿಸಿ ವಡೆ ಕಟ್ಟಿಸಿಕೊಂಡು ಬರುವವರೆಗೆ ಇಂಜಿನ್ ಓಡುತ್ತಲೇ ಇರುತ್ತದೆ. ಬಿಸಿಯಾದ ಇಂಜಿನ್ನಿಗೆ ಹೀಟರ್ ಬೇಡವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕೀ ಮೇಲೆ ಕೈ ಹೋಗುವುದಿಲ್ಲ.

ಮಂಡ್ಯದಲ್ಲಿ ಗ್ಯಾರೇಜು ತೆರೆಯುವುದನ್ನೇ ಕಾದಿದ್ದು, ಇಂಜಿನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿಸುತ್ತೇನೆ. ತಣ್ಣಗಾದ ಮೇಲೆ ಬಲವಂತ ಮಾಡಿದರೆ ಅವು ಹೆಡ್ಡಿನೊಳಗೇ ಮುರಿಯುವುದುಂಟು. ಮೆಕ್ಯಾನಿಕ್ ನಾಲ್ಕನ್ನೂ ಹಳೇ ಪೇಪರಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು ಬ್ಯಾಟರಿಗೆ ತಾಗಿಸುತ್ತಾನೆ. ಎರಡರ ತುದಿ ಆಲೆಮನೆ ಒಲೆಯ ಬಾಯಿಯಂತೆ ಕೆಂಪೇರುತ್ತದೆ. ಇನ್ನೆರಡು ಕರ್ರಗೇ ಉಳಿಯುತ್ತವೆ.

"ಈ ವರ್ಷ ಚಳಿ ಜಾಸ್ತಿ ಅಲ್ವಾ ಸಾ," ಎನ್ನುತ್ತಾನೆ, ಅವೆರಡನ್ನು ಡಬ್ಬಕ್ಕೆ ಎಸೆಯುತ್ತಾ. "ಎಲ್ಲಾ ಗಾಡಿದೂ ಇದೇ ಕತೆ."

ಭಾವ ವಡೆ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗುತ್ತಾರೆ. "ನಾನ್ ಏಳ್ನಿಲ್ವಾ?"